ಮೇಜಿನ ಭಾನುವಾರ

ಗಂಡ ತೀರಿಕೊಂಡ ಐದನೇ ದಿನಕ್ಕೇ ಸೊಸೆ ಲಾಂಡ್ರಿ ಕೆಲಸಕ್ಕೆ ಹೊರಟಳು. ಬೀದಿಯವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಇಟ್ಟುಕೊಳ್ಳಲಿ ಬಿಡಿ, ಅವರ ಬಾಯಿ, ಅವರ ಕೈ. ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಅದು. ಯಾರು ಸತ್ತರೂ ಯಾರು ಉಳಿದರೂ ಬೆಳಿಗ್ಗೆ ಏಳೂವರೆಗೆ ಮೊದಲ ಡ್ರಮ್ಮು ತಿರುಗಲೇಬೇಕು. ಇಸ್ತ್ರಿ ರೋಲರಿನಿಂದ ಬಿಸಿಬಿಸಿಯಾಗಿ ಹೊರಬೀಳುವ ಬಿಳಿ ಬೆಡ್‌ಶೀಟು ಮಡಿಸುವುದು ಅವಳ ಕೆಲಸ. ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಆ ತುದಿ ಗುಂಡಕ್ಕ ಹಿಡಿದರೆ ಈ ತುದಿ ಇವಳು. ಜಾಡಿಸಿ ಎಳೆದು, ಹತ್ತಿರ ಬಂದು ಅಂಚಿಗೆ ಅಂಚು ಕೂಡಿಸಿ, ಮತ್ತೆ ಹಿಂದಕ್ಕೆ ಸರಿಯಬೇಕು. ಹತ್ತು ವರ್ಷದಿಂದ ಇಬ್ಬರದೂ ಇದೇ ಕುಣಿತ.

"ಅಳು ಬಂದ್ರೆ ಅತ್ತುಬಿಡೇ," ಅಂದಳು ಗುಂಡಕ್ಕ. "ಒಳಗೇ ಇಟ್ಕೊಂಡ್ರೆ ಮೈಗೆ ಒಳ್ಳೇದಲ್ಲ."

"ಬರ್ತಿಲ್ಲ."

"ಊಟ ಸೇರುತ್ತಾ?"

"ಸೇರುತ್ತೆ."

"ನಿದ್ದೆ?"

"ಅದೂ ಬರುತ್ತೆ."

"ಮತ್ತೆ ಯಾಕೆ ಹೀಗೆ ಗರ ಬಡಿದೋಳ ಹಾಗೆ ಇದ್ದೀಯ?"

"ಗೊತ್ತಿಲ್ಲ ಅಕ್ಕ. ಹಲ್ಲು ಕೀಳೋಕೆ ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತಲ್ಲ, ಹಾಗಿದೆ ಮೈಯೆಲ್ಲ," ಅಂದಳು. ಶೀಟು ಒಂದಾದ ಮೇಲೊಂದು ಬರುತ್ತಲೇ ಇತ್ತು.

ಅವಳ ಗಂಡ ಅದೇ ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ. ಊರಿನ ಆಸ್ಪತ್ರೆಗಳಿಗೆಲ್ಲ ಬಟ್ಟೆ ಗಂಟು ಇಳಿಸಿ, ಗಂಟು ಏರಿಸಿ, ದಿನಕ್ಕೆ ಮೂವತ್ತು ಚೀಟಿಗೆ ಸೈನು ಹಾಕುತ್ತಿದ್ದ. ಆ ಸೈನಿನ ಗತ್ತು ನೋಡಬೇಕಿತ್ತು! ಕೊನೆಯಲ್ಲೊಂದು ಬಾಲ ಎಳೆದು, ಅದರ ಕೆಳಗೆ ಎರಡು ಚುಕ್ಕೆ ಇಟ್ಟರೇನೇ ಅವನಿಗೆ ಸಮಾಧಾನ. ಒಂದು ಸೋಮವಾರ ಗಂಟು ಎತ್ತುತ್ತಾ ಕುಸಿದುಬಿದ್ದ. ಮಿದುಳಲ್ಲಿ ರಕ್ತ ಸೋರಿದೆ ಅಂದರು. ಅವನೇ ಶೀಟು ತಲುಪಿಸುತ್ತಿದ್ದ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದ. ಬಾಯಲ್ಲಿ ಪೈಪು, ಮುಚ್ಚಿದ ಕಣ್ಣು. ಗುರುವಾರ ಎಲ್ಲಾ ಮುಗಿಯಿತು. ದೇಹ ಒರೆಸುವಾಗ ಬಲಗೈ ಹೆಬ್ಬೆರಳಲ್ಲಿ ನೀಲಿ ಇಂಕು ಮೆತ್ತಿದ್ದನ್ನು ಹೆಂಡತಿ ಕಂಡಳು. ಆಸ್ಪತ್ರೆಯವರು ಯಾವುದೋ ಕಾಗದಕ್ಕೆ ಒತ್ತಿಸಿಕೊಂಡಿರಬೇಕು ಅಂದುಕೊಂಡು ಸೋಪು ಹಚ್ಚಿ ತೊಳೆದಳು.

ಮನೆಯಲ್ಲಿ ಈಗ ಉಳಿದವರು ಮೂರು ಜನ. ಸೊಸೆ, ಅತ್ತೆ, ಮತ್ತು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆಯ ಹತ್ತೊಂಬತ್ತರ ಮಗಳು. ಅತ್ತೆಗೆ ಓದು ಬರಹ ಬಾರದು. ಬೈಬಲ್ಲನ್ನು ಕಿವಿಯಿಂದಲೇ ಕಲಿತವರು. ಐವತ್ತು ವರ್ಷದಿಂದ ಒಂದು ಭಾನುವಾರವೂ ಸಭೆ ತಪ್ಪಿಸಿದವರಲ್ಲ. ಮಗನದೋ ಬೇರೆಯೇ ದಾರಿ. ಅಮ್ಮನನ್ನೂ ಹೆಂಡತಿಯನ್ನೂ ಪ್ರಾರ್ಥನೆ ಹಾಲಿನ ಗೇಟಿನವರೆಗೆ ವ್ಯಾನಿನಲ್ಲಿ ಕರೆತಂದು ಇಳಿಸುತ್ತಿದ್ದ. ಆಮೇಲೆ ಎದುರಿನ ಟೀ ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದ.

"ದೇವರು ಪರಲೋಕಕ್ಕೆ ಕರೀತಿದ್ದಾನೆ ಕಣೋ. ಒಂದು ಸಲ ಹೂಂ ಅನ್ನೋಕೆ ನಿನ್ನ ಗಂಟೇನು ಹೋಗುತ್ತೆ?" ಅನ್ನುತ್ತಿದ್ದರು ತಾಯಿ.

"ಅಲ್ಲಿ ವ್ಯಾನ್ ನಿಲ್ಸೋಕೆ ಜಾಗ ಇದ್ಯಾ ಕೇಳ್ಕೊಂಡು ಬಾ ಅಮ್ಮ. ಆಮೇಲೆ ನೋಡೋಣ."

ಆ ಸಭೆಯಲ್ಲಿ ವರ್ಷಕ್ಕೊಮ್ಮೆ ಮೇಜಿನ ಭಾನುವಾರ ಅಂತ ಮಾಡುತ್ತಾರೆ. ಅದಕ್ಕೆ ಮೊದಲು, ಇನ್ನೂ ಒಪ್ಪದವರ ಕೈಗೆಲ್ಲ ಒಂದು ಕಾರ್ಡು ಬರುತ್ತದೆ. 'ದೇವರು ತನ್ನ ಮನೆಗೆ ನಿಮ್ಮನ್ನು ಕರೆದಿದ್ದಾನೆ. ಬರುತ್ತೀರಾ?' ಅಂತ ಅದರಲ್ಲಿ ಅಚ್ಚಾಗಿರುತ್ತದೆ. ಸೈನು ಹಾಕಿ ಕೊಟ್ಟವರಿಗೂ ಮೊದಲೇ ಒಪ್ಪಿದವರಿಗೂ ಆ ದಿನ ಉದ್ದನೆಯ ಮೇಜಿನ ಪಕ್ಕ ಕುರ್ಚಿ, ತಟ್ಟೆಯ ಮುಂದೆ ಹೆಸರಿನ ಚೀಟಿ. ಪಾಸ್ಟರು ಒಂದೊಂದೇ ಹೆಸರು ಓದುತ್ತಾರೆ. ಹೆಸರಿನವರು ಎದ್ದು 'ಬರ್ತೀನಿ' ಅನ್ನಬೇಕು. ಆ ವರ್ಷ ತೀರಿಕೊಂಡವರ ಹೆಸರು ಬಂದರೆ ಅವರ ಮನೆಯವರು ಎದ್ದು 'ಒಳಗಿದ್ದಾರೆ' ಅನ್ನಬೇಕು, ಪರಲೋಕದಲ್ಲಿ ಅಂತ ಅರ್ಥ. ಗಂಡ ಸತ್ತಿದ್ದರೆ ಹೆಂಡತಿ, ಹೆಂಡತಿ ಸತ್ತಿದ್ದರೆ ಗಂಡ. ಆಮೇಲೆ ಎಲ್ಲರೂ ಸೇರಿ ರೊಟ್ಟಿ ಮುರಿದು ತಿನ್ನುತ್ತಾರೆ. ಒಪ್ಪದವರು ಗೋಡೆ ಪಕ್ಕದ ಬೆಂಚಿನಲ್ಲಿ ಕೂತು ನೋಡುತ್ತಾರೆ. ಯಾರೂ ಅವರನ್ನು ಏನೂ ಅನ್ನುವುದಿಲ್ಲ.

ಸೊಸೆ ಇಪ್ಪತ್ತು ವರ್ಷ ಆ ಬೆಂಚಿನಲ್ಲೇ ಕೂತವಳು. ಕಾರ್ಡು ಬಂದಾಗೆಲ್ಲ ಅವಳದ್ದು ಒಂದೇ ಮಾತು. "ಅವರು ಹಾಕಿದ ದಿನ ನಾನೂ ಹಾಕ್ತೀನಿ. ಅವರಿಲ್ಲದ ಕಡೆ ನಾನೊಬ್ಳೇ ಹೋಗಿ ಏನ್ ಮಾಡ್ಲಿ?"

ಮೂರನೇ ವಾರ ಪಾಸ್ಟರು ಮನೆಗೆ ಬಂದರು. ಸೊಸೆ ಆಲೂಗಡ್ಡೆ ಸುಲಿಯುತ್ತಿದ್ದಳು. ಅತ್ತೆ ಅವರನ್ನು ಕಂಡವರೇ ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬಂದರು, ಯಾಕೆ ಹೋದರೋ ಯಾಕೆ ಬಂದರೋ ಅವರಿಗೇ ತಿಳಿಯದು.

"ಈ ಸಲ ನಿಮ್ಮ ಯಜಮಾನರ ಹೆಸರೂ ಪಟ್ಟಿಯಲ್ಲಿದೆಯಮ್ಮ," ಅಂದರು ಪಾಸ್ಟರು. "ಅಜ್ಜಿ ಹೇಳಿಲ್ವಾ ನಿಮಗೆ?"

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ನೆಲ ನೋಡಿದರು. ಪಾಸ್ಟರು ಜೇಬಿನಿಂದ ಕಾರ್ಡು ತೆಗೆದು ತೋರಿಸಿದರು. ಹೆಸರು ಯಾರೋ ನರ್ಸು ಬರೆದುಕೊಟ್ಟ ದುಂಡು ಅಕ್ಷರ. ಅದರ ಕೆಳಗೆ ನೀಲಿ ಹೆಬ್ಬೆಟ್ಟು.

"ಎರಡನೇ ದಿನ ಮಧ್ಯಾಹ್ನ," ಅಂದರು ಅತ್ತೆ. "ನೀನು ಔಷಧಿ ತರೋಕೆ ಕೆಳಗೆ ಹೋಗಿದ್ಯಲ್ಲ, ಆವಾಗ ಕಣ್ಣು ಬಿಟ್ಟ. 'ಕರೀತಿದ್ದಾನೆ ಕಣೋ, ಹೋಗ್ತೀಯಾ' ಅಂದೆ. ಹೂಂ ಅಂದ."

ಸೊಸೆಯ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. "ಕಣ್ಣು ಬಿಟ್ರಾ?"

"ಬಿಟ್ಟ."

"ನನ್ನನ್ನ ಕೇಳಿದ್ರಾ?"

ಅತ್ತೆ ಸೊಸೆಯ ಕಣ್ಣು ನೋಡಿದರು. "ಕೇಳದೇ ಇರ್ತಾನಾ? 'ಅವಳೆಲ್ಲಿ' ಅಂದ."

ಸೊಸೆ ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡಳು. ಸಿಪ್ಪೆಯ ಜೊತೆ ಅರ್ಧ ಗಡ್ಡೆಯೂ ಹೋಯಿತು. ಆಸ್ಪತ್ರೆಯ ಕೆಳಗಿನ ಔಷಧಿ ಅಂಗಡಿಯ ಮುಂದೆ ಅವತ್ತು ಸಾಲಿತ್ತು. ಸಾಲಿನಲ್ಲಿ ಇಪ್ಪತ್ತು ನಿಮಿಷ ನಿಂತಿದ್ದಳು, ಆ ಇಪ್ಪತ್ತು ನಿಮಿಷದಲ್ಲೇ ಅವನು ಎದ್ದು ಅವಳನ್ನು ಕೇಳಿ ಮಲಗಿದ್ದ. ಈಗಲಾದರೂ ಅಳು ಬರಬಾರದೇ? ಬರಲಿಲ್ಲ. ಆದರೂ ಆ ಒಂದು ಮಾತನ್ನು ಅವಳು ಬಿಡಲಿಲ್ಲ. ಮಾರನೆಯ ದಿನ ಶೀಟು ಮಡಿಸುತ್ತಾ ಗುಂಡಕ್ಕನಿಗೆ, "ಅವರು ನನ್ನ ಕೇಳಿದ್ರಂತೆ," ಅಂದಳು. ಸಂಜೆ ಮನೆಗೆ ಬಂದವಳೇ ತನ್ನ ಹೆಸರಿನ ಕಾರ್ಡು ಹುಡುಕಿ ಸೈನು ಹಾಕಿ ಅತ್ತೆಯ ಕೈಗಿಟ್ಟಳು. "ಅವರು ಹೋಗಿರೋ ಕಡೆ ನಾನೂ ಹೋಗ್ತೀನಿ. ಕೊಟ್ಬಿಡಿ." ಅತ್ತೆ ಆ ಕಾರ್ಡನ್ನು ಬಿಸಿ ಪಾತ್ರೆ ಹಿಡಿದವರ ಹಾಗೆ ಹಿಡಿದುಕೊಂಡರು. ಭಾನುವಾರ ಸಭೆಯ ಡಬ್ಬಿಗೆ ಹಾಕಿ ಬಂದರು.

ವಿಷಯ ಮಗಳ ಕಿವಿಗೆ ಬಿದ್ದದ್ದು ಅವತ್ತಿನ ಊಟದ ಹೊತ್ತಿಗೆ. ಅಪ್ಪನ ಮೂಗು, ಅಪ್ಪನ ಬಾಯಿ ಆ ಹುಡುಗಿಗೆ. ಮುಚ್ಚಿಡುವುದು ಗೊತ್ತಿಲ್ಲ.

"ಹೂಂ ಅಂದ್ರಾ? ಬಾಯಲ್ಲಿ ಪೈಪ್ ಇತ್ತಲ್ಲ ಅಜ್ಜಿ!"

"ಪೈಪ್ ಇದ್ರೆ ಏನಾಯ್ತು? ಗಂಟಲಲ್ಲೇ ಅಂದ."

"ಗಂಟಲಲ್ಲೇ 'ಅವಳೆಲ್ಲಿ' ಅಂತಾನೂ ಕೇಳಿದ್ರಾ?"

"ತಾಯಿಗೆ ಅರ್ಥ ಆಗುತ್ತೆ. ನಿನಗೇನು ಗೊತ್ತು?"

"ನನಗೆ ಗೊತ್ತಿಲ್ಲ, ಡಾಕ್ಟರಿಗೆ ಗೊತ್ತಿತ್ತಲ್ಲ. ಸೋಮವಾರದಿಂದ ಕಣ್ಣೇ ಬಿಟ್ಟಿಲ್ಲ ಅಂತ ನನ್ನೆದುರಿಗೇ ಹೇಳಿದ್ರು. ಅದಿರ್ಲಿ, ಹೆಬ್ಬೆಟ್ಟು ಯಾಕೆ? ಅಪ್ಪ ಎಲ್ಲಾದ್ರೂ ಹೆಬ್ಬೆಟ್ಟು ಒತ್ತೋರಾ? ಪ್ರಾಣ ಹೋದ್ರೂ ಆ ಬಾಲ ಎಳೀದೆ ಬಿಡೋರಲ್ಲ!"

ಅತ್ತೆ ತಟ್ಟೆಯನ್ನು ದೂರ ತಳ್ಳಿದರು. ಬೇಯಿಸಿದ ಮೊಟ್ಟೆ ಉರುಳಿ ನೆಲಕ್ಕೆ ಬಿತ್ತು. "ಸತ್ತ ಮಗನ ಬಗ್ಗೆ ಕೋರ್ಟಲ್ಲಿ ಕೇಳಿದ ಹಾಗೆ ಕೇಳ್ತೀಯಲ್ಲೇ! ನಿನ್ನನ್ನ ಎತ್ತಿ ಆಡಿಸಿದ ಕೈ ಇದು!"

"ಅದೇ ಕೈಯಲ್ಲಿ ಅಪ್ಪನ ಬೆರಳು ಹಿಡಿದು ಒತ್ತಿಸಿದ್ಯಾ?"

"ಊಟ ಮಾಡೋವಾಗ ಬೇಡ," ಅಂದಳು ಸೊಸೆ. ಬಗ್ಗಿ ಮೊಟ್ಟೆ ಎತ್ತಿಕೊಂಡಳು, ತೊಳೆದಳು, ಮತ್ತೆ ಅತ್ತೆಯ ತಟ್ಟೆಗಿಟ್ಟಳು.

"ಅಮ್ಮಾ, ನಿನಗೆ ಸಿಟ್ಟಾದ್ರೂ ಬರಲ್ವಾ?"

"ಅನ್ನ ಆರಿಹೋಗುತ್ತೆ. ತಿನ್ನು."

ಅಂದಿನಿಂದ ಅಜ್ಜಿ ಮೊಮ್ಮಗಳ ಮಾತು ಬಂದ್. ಒಂದೇ ಕೋಣೆಯಲ್ಲಿ ಮೂರು ಹೆಜ್ಜೆ ದೂರದಲ್ಲಿ ಕೂತು, "ಅವಳಿಗೆ ಹೇಳು, ಫ್ಯಾನ್ ಕಮ್ಮಿ ಮಾಡೋಕೆ," "ಅಜ್ಜಿಗೆ ಹೇಳು, ಮಾತ್ರೆ ತಗೊಳ್ಳೋಕೆ," ಅಂತ ಎಲ್ಲವೂ ಸೊಸೆಯ ಮೂಲಕವೇ. ಅವಳೂ ಪೋಸ್ಟ್‌ಮ್ಯಾನಿನ ಹಾಗೆ ಚಾಚೂ ತಪ್ಪದೆ ಅಲ್ಲಿಂದಿಲ್ಲಿಗೆ ಮುಟ್ಟಿಸಿದಳು. ಬಟ್ಟೆ ಒಗೆದಳು, ಪಾತ್ರೆ ತಿಕ್ಕಿದಳು, ಗಂಡನ ಅಂಗಿಗಳನ್ನೂ ಅಭ್ಯಾಸಬಲದಿಂದ ನೆನೆಹಾಕಿ, ಆಮೇಲೆ ಹಿಂಡಿ ಒಣಹಾಕಿದಳು.

ಇತ್ತ ಅತ್ತೆಯ ಊಟ ದಿನದಿನಕ್ಕೆ ಇಳಿಯಿತು. ಮೊದಲು ಒಂದು ಹೊತ್ತು ಬಿಟ್ಟರು, ಆಮೇಲೆ ಗಂಜಿಗೆ ಬಂದರು, ಆಮೇಲೆ ಗಂಜಿಯೂ ಲೋಟದಲ್ಲೇ ಉಳಿಯತೊಡಗಿತು. ಪ್ರಾರ್ಥನೆಗೆ ಕೂತರೆ ತುಟಿ ಅಲ್ಲಾಡುತ್ತಿರಲಿಲ್ಲ. ಐದನೇ ವಾರದ ಶನಿವಾರ ಸೊಸೆ ಅವರಿಗೆ ಸ್ನಾನ ಮಾಡಿಸುತ್ತಿದ್ದಳು. ಬೆನ್ನುಜ್ಜುವಾಗ ಎಲುಬು ಒಂದೊಂದೇ ಕೈಗೆ ಸಿಕ್ಕಿತು.

"ಅವನು ಕಣ್ಣು ಬಿಡಲಿಲ್ಲ," ಅಂದರು ಅತ್ತೆ, ಗೋಡೆಯ ಕಡೆ ಮುಖ ಮಾಡಿಯೇ.

"ಗೊತ್ತು."

"ಯಾವಾಗಿಂದ?"

"ಹುಡುಗಿ ಅಂದಾಗಿಂದ. ಅವರ ಬೆರಳು ತೊಳೆದೋಳು ನಾನೇ ಅಲ್ವಾ."

"ನನಗೆ ಸೈನು ಅಂದ್ರೆ ಹೆಬ್ಬೆಟ್ಟು ಕಣಮ್ಮ. ಹುಟ್ಟಿದಾಗಿಂದ ಅಷ್ಟೇ ಗೊತ್ತು. ಅವನು ಬರೆಯೋನು ಅನ್ನೋದೇ ಆ ಹೊತ್ತಲ್ಲಿ ತಲೆಗೆ ಬರಲಿಲ್ಲ. ನರ್ಸಮ್ಮನ ಹತ್ರ ಇಂಕಿನ ಪ್ಯಾಡ್ ಇಸ್ಕೊಂಡೆ. ಬೆರಳು ಬೆಚ್ಚಗಿತ್ತು. ಬೆಚ್ಚಗಿದ್ದಾನಲ್ಲ, ಇನ್ನೂ ಹೊತ್ತಿದೆಯಲ್ಲ ಅನ್ನಿಸ್ತು. ಒತ್ತಿಬಿಟ್ಟೆ."

ಸೊಸೆ ನೀರು ಸುರಿದಳು. "'ಅವಳೆಲ್ಲಿ' ಅಂದಿದ್ದು?"

"ಅದೂ ನಾನೇ ಕಟ್ಟಿದ್ದು. ನೀನು ಹಾಗೆ ನೋಡ್ತಿದ್ದೆ... ಬಾಯಿಗೆ ಬಂತು, ಅಂದುಬಿಟ್ಟೆ."

ಆಗ ಸೊಸೆಗೆ ಸಿಟ್ಟು ಬಂತು. ಐದು ವಾರದಲ್ಲಿ ಅದೇ ಮೊದಲು. ಅದೊಂದಾದರೂ ನಿಜವಿರಲಿ ಅಂತ ಎರಡು ವಾರ ಆ ಮಾತನ್ನು ಮಗುವಿನ ಹಾಗೆ ಕಂಕುಳಲ್ಲಿಟ್ಟುಕೊಂಡು ತಿರುಗಿದ್ದಳು. ಈಗ ನೋಡಿದರೆ ಕಂಕುಳು ಖಾಲಿ. ಮಗ್ಗನ್ನು ಬಕೆಟಿಗೆ ಎಸೆದಳು. ನೀರು ಇಬ್ಬರ ಮುಖಕ್ಕೂ ಹಾರಿತು. "ಅದೊಂದು ಹೇಳ್ದೆ ಇದ್ದಿದ್ರೆ ಆಗ್ತಿರಲಿಲ್ವಾ ನಿಮಗೆ? ಸ್ವರ್ಗದ ಸುಳ್ಳು ಹೇಳ್ಕೊಳ್ಳಿ, ಅದು ನಿಮ್ಮ ದೇವರಿಗೆ ಬಿಟ್ಟಿದ್ದು. ಇದು ನನ್ನದು!" ಅಂದಳು. ಅಷ್ಟೇ. ಬಂದ ಸಿಟ್ಟು ಬಂದ ಹಾಗೇ ಇಳಿದುಹೋಯಿತು, ಮತ್ತೆ ಅದೇ ಮರಗಟ್ಟಿದ ಮೈ. ಟವೆಲ್ ತೆಗೆದು ಅತ್ತೆಯ ತಲೆ ಒರೆಸಿದಳು.

"ಪಾಸ್ಟರಿಗೆ ಹೇಳ್ಬೇಡಮ್ಮ," ಅಂದರು ಅತ್ತೆ. "ಹೇಳಿದ್ರೆ ಹೆಸರು ಹೊಡೆದುಹಾಕ್ತಾರೆ. ಮೇಜಿನ ಹತ್ರ ಅವನ ಹೆಸರು ಕೂಗಿದಾಗ 'ಒಳಗಿದ್ದಾರೆ' ಅಂದುಬಿಡು. ನಾನೇ ಅನ್ನಬಹುದಾಗಿದ್ರೆ ನಿನ್ನ ಕಾಲು ಹಿಡೀತಿರಲಿಲ್ಲ. ಹೆಂಡತಿ ಇರೋವಾಗ ತಾಯಿ ಮಾತು ನಡೆಯಲ್ಲ."

"ಸುಳ್ಳು ಅಂತ ಗೊತ್ತಿದ್ದೂ?"

"ನಾನು ಸುಳ್ಳು ಹೇಳಿದ್ದಕ್ಕೆ ನನ್ನನ್ನ ಆಚೆ ನಿಲ್ಲಿಸಲಿ. ಅವನಾದ್ರೂ ಒಳಗಿರ್ಲಿ."

ಸೊಸೆ ಬಚ್ಚಲು ತೊಳೆದು, ನೀರು ಗುಡಿಸಿ ಹೊರಗೆ ಬಂದಳು.

ಪಾಸ್ಟರು ವಾರದ ಆರು ದಿನ ಸ್ಟೋವು, ಕುಕ್ಕರು ರಿಪೇರಿ ಮಾಡುತ್ತಾರೆ. ಬುಧವಾರ ಊಟದ ಬಿಡುವಿನಲ್ಲಿ ಸೊಸೆ ಅವರ ಅಂಗಡಿಗೆ ಹೋದಳು. ಕೈಯಲ್ಲಿ ಕುಕ್ಕರ್ ಮುಚ್ಚಳ ಇತ್ತು, ಅದಕ್ಕೇನೂ ಆಗಿರಲಿಲ್ಲ. ಪಾಸ್ಟರು ಅದನ್ನು ಹಿಂದೆ ಮುಂದೆ ತಿರುಗಿಸಿ, ರಬ್ಬರು ಬಿಚ್ಚಿ ನೋಡಿ, "ಚೆನ್ನಾಗೇ ಇದೆಯಲ್ಲಮ್ಮ," ಅಂದರು.

"ನನ್ನ ಕಾರ್ಡು ವಾಪಸ್ ಬೇಕಿತ್ತು."

"ಯಾಕೆ?"

"ಸೈನು ಹಾಕಿದ್ದು ಅವರ ಹಿಂದೆ ಹೋಗೋಕೆ. ದೇವರಿಗೋಸ್ಕರ ಅಲ್ಲ. ನನಗೆ ಏನೂ ಅನ್ನಿಸ್ತಾನೂ ಇಲ್ಲ. ಪ್ರಾರ್ಥನೆಗೆ ಕೂತ್ರೆ ರೋಲರ್ ಸದ್ದು ಕೇಳುತ್ತೆ, ಅಷ್ಟೇ."

"ಅನ್ನಿಸ್ಬೇಕು ಅಂತ ಯಾರು ಹೇಳಿದ್ದು? ಯಾರಾದ್ರೂ ಮನೆಗೆ ಕರೆದ್ರೆ, ಬರ್ತೀನಿ ಅಂತೀವಿ, ಹೋಗ್ತೀವಿ. ಹಸಿವು ಇಲ್ಲದೋರೂ ಹೋಗ್ತಾರೆ."

ಅವಳು ರಬ್ಬರನ್ನು ಬೆರಳಿಗೆ ಸುತ್ತಿದಳು. "ಒಬ್ಬರ ಪರವಾಗಿ ಇನ್ನೊಬ್ಬರು ಬರ್ತೀನಿ ಅಂದ್ರೆ ನಡೆಯುತ್ತಾ?"

ಪಾಸ್ಟರು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟರು. ಅವಳ ಮುಖವನ್ನೇ ನೋಡಿದರು. "ನಡೆಯಲ್ಲಮ್ಮ. ಕರೆದಿರೋದು ಅವನನ್ನ. ಅವನೇ ಅನ್ನಬೇಕು." ಆಮೇಲೆ ದನಿ ಇಳಿಸಿ, "ಆದ್ರೆ ಕೊನೇ ಉಸಿರಿನ ಹೊತ್ತಲ್ಲಿ ದೇವರು ಇನ್ನೊಂದು ಸಲ ಕೇಳಿದ್ನೋ ಏನೋ, ಅವನು ಏನಂದ್ನೋ, ಅದು ನನ್ನ ಪಟ್ಟಿಗೆ ಬರಲ್ಲ," ಅಂದರು.

"ನನ್ನ ಕಾರ್ಡು?"

"ಬೇಡ ಅನ್ನೋದಾದ್ರೆ ಭಾನುವಾರ ಮೇಜಿನ ಹತ್ರ ಬೇಡ ಅನ್ನಿ. ಯಾರೂ ನಿಮ್ಮನ್ನ ಕಟ್ಟಿಹಾಕಲ್ಲ."

ಅವಳು ಮುಚ್ಚಳ ತೆಗೆದುಕೊಂಡು ಹೊರಟಳು. ಆ ಮಧ್ಯಾಹ್ನ ಗುಂಡಕ್ಕನೊಂದಿಗೆ ಅಂಚು ಕೂಡಿಸುವುದು ಎರಡು ಸಲ ತಪ್ಪಿತು. "ಎಲ್ಲಿದೆಯೇ ಗ್ಯಾನ?" ಅಂತ ಗುಂಡಕ್ಕ ಬೈದಳು.

ಭಾನುವಾರ ಮೂವರೂ ನಡೆದೇ ಹೋದರು. ದಾರಿಯಲ್ಲಿ ಒಂದು ಕಡೆ ಅತ್ತೆಗೆ ತಲೆ ತಿರುಗಿತು. ಮೊಮ್ಮಗಳು ತುಟಿ ಪಿಟಕ್ಕೆನ್ನದೆ ತೋಳು ಕೊಟ್ಟಳು, ಅಜ್ಜಿಯೂ ತುಟಿ ಪಿಟಕ್ಕೆನ್ನದೆ ಹಿಡಿದುಕೊಂಡರು. ಪ್ರಾರ್ಥನೆ ಹಾಲಿನೊಳಗೆ ಬಂದ ಮೇಲೆ ಮಗಳು ಸೀದಾ ಗೋಡೆ ಬೆಂಚಿಗೆ ಹೋಗಿ ಕೂತಳು. ಮೇಜಿನ ಪಕ್ಕ ಅತ್ತೆಯ ಕುರ್ಚಿ, ಅದರ ಪಕ್ಕ ಸೊಸೆಯದು, ಅದರಾಚೆ ಖಾಲಿ ಕುರ್ಚಿ. ಖಾಲಿ ಕುರ್ಚಿಯ ಮುಂದೆಯೂ ತಟ್ಟೆ, ತಟ್ಟೆಯ ಮುಂದೆ ಅವನ ಹೆಸರು.

ಪಾಸ್ಟರು ಓದತೊಡಗಿದರು. ಮೂಲೆ ಅಂಗಡಿಯಾತ ಎದ್ದು "ಬರ್ತೀನಿ" ಅಂದ. ಕಣ್ಣು ಕಾಣದ ಮುದುಕಿ ಕುರ್ಚಿಯಿಂದಲೇ ಕೂಗಿ ಹೇಳಿದಳು. ಬೇಸಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ಬಡಗಿ, ಅವಳ ಹೆಸರು ಬಂದಾಗ ಎದೆ ಸೆಟೆಸಿ "ಒಳಗಿದ್ದಾಳೆ" ಅಂದು ಕೂತುಕೊಂಡು ಮುಖ ಮುಚ್ಚಿಕೊಂಡ. ಅತ್ತೆಯ ಹೆಸರು ಬಂತು. ಐವತ್ತು ವರ್ಷ ಇಡೀ ಹಾಲ್ ನಡುಗುವಂತೆ ಹೇಳುತ್ತಿದ್ದವರು ಅವತ್ತು ಎದ್ದು ನಿಂತರು, ತುಟಿ ಅಲ್ಲಾಡಿಸಿದರು, ದನಿ ಪಕ್ಕದವರಿಗೂ ಕೇಳಿಸಲಿಲ್ಲ.

ಆಮೇಲೆ ಮಗನ ಹೆಸರು.

ಎಲ್ಲರ ಕಣ್ಣೂ ಸೊಸೆಯ ಮೇಲೆ. ಅತ್ತೆಯ ಕೈ ಮೇಜಿನ ಕೆಳಗೆ ಅವಳ ಮಣಿಕಟ್ಟನ್ನು ಹಿಡಿಯಿತು. ಎಲುಬಿನ ಕೈ, ಎಷ್ಟು ಬಿಗಿ! ಒಂದೇ ಒಂದು ಮಾತು ಸಾಕಿತ್ತು. ಬಡಗಿ ಹೇಳಿದ ಹಾಗೆ ಹೇಳಿ ಕೂತುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು, ಅತ್ತೆ ಮಧ್ಯಾಹ್ನ ಅನ್ನ ಉಣ್ಣುತ್ತಿದ್ದರು. ಸೊಸೆ ಎದ್ದಳು.

"ಒಳಗಿದ್ದಾರೋ ಇಲ್ವೋ ನನಗೆ ಗೊತ್ತಿಲ್ಲ," ಅಂದಳು.

ಖಾಲಿ ಕುರ್ಚಿಯ ಮುಂದಿದ್ದ ಹೆಸರಿನ ಚೀಟಿಯನ್ನು ನೆಟ್ಟಗೆ ಮಾಡಿದಳು.

"ಆ ಹೆಬ್ಬೆಟ್ಟು ಅವರು ಒತ್ತಿದ್ದಲ್ಲ. ಅವರಿಗೆ ಎಚ್ಚರ ಇರಲಿಲ್ಲ. ಬೆರಳು ಹಿಡಿದು ನಾವೇ ಒತ್ತಿಸಿದ್ದು."

ನಾವು ಅಂದಳು. ಗೋಡೆ ಬೆಂಚಿನಲ್ಲಿ ಮಗಳು ತಲೆಯೆತ್ತಿ ಅಮ್ಮನನ್ನು ನೋಡಿದಳು. ಅತ್ತೆಯ ಕೈ ಮಣಿಕಟ್ಟಿನಿಂದ ಜಾರಿತು. ಪಾಸ್ಟರು ಪೆನ್ಸಿಲ್ ಕೈಗೆ ತೆಗೆದುಕೊಂಡರು. ಪಟ್ಟಿ ನೋಡಿದರು, ಖಾಲಿ ಕುರ್ಚಿ ನೋಡಿದರು, ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಮುಂದಿದ್ದ ಅವಳ ಹೆಸರನ್ನು ಓದಿದರು.

ಅವಳು ನಿಂತೇ ಇದ್ದಳು. ಬೇಡ ಅನ್ನುವುದಕ್ಕೇ ಬಂದಿದ್ದಳು. ಬೆಳಿಗ್ಗೆ ತಲೆ ಬಾಚುವಾಗಲೂ ಅದೇ ಮಾತನ್ನು ಬಾಯೊಳಗೆ ಹೇಳಿಕೊಂಡಿದ್ದಳು. ಈಗ ಎದುರಿಗೆ ರೊಟ್ಟಿ, ಪಕ್ಕದಲ್ಲಿ ಯಾರೂ ಇಲ್ಲದ ಕುರ್ಚಿ. ಬೇಡ ಅಂದು ಗೋಡೆ ಬೆಂಚಿಗೆ ಹೋಗಿ ಕೂತರೆ ಅವನ ವಿಷಯ ಕೇಳುವವರು ಯಾರು?

"ಬರ್ತೀನಿ," ಅಂದಳು. "ಬಂದು ಕೇಳ್ತೀನಿ. ಅವರನ್ನ ಏನ್ ಮಾಡಿದ್ರಿ ಅಂತ ದೇವರ ಎದುರಿಗೇ ನಿಂತು ಕೇಳ್ತೀನಿ. ಉತ್ತರ ಸಿಗೋವರೆಗೂ ಅಲ್ಲಿ ಕೂರಲ್ಲ."

ಅಷ್ಟು ಹೇಳಿ ಅವಳು ಕೂತಳು. ಕಣ್ಣಿಂದ ನೀರು ತಟ್ಟೆಗೆ ತೊಟ್ಟಿಕ್ಕುತ್ತಿತ್ತು. ಮೈಯೆಲ್ಲ ಒಂದೇ ಸಲಕ್ಕೆ ನೋಯತೊಡಗಿತು. ಪಾಸ್ಟರು ಮುಂದಿನ ಹೆಸರು ಓದಿದರು, ಯಾರೋ ಬರ್ತೀನಿ ಅಂದರು.

ಅತ್ತೆ ಅವಳ ಕಡೆ ವಾಲಿದರು. ಬಯ್ಯುತ್ತಾರೆ ಅಂದುಕೊಂಡಳು.

"ಕೇಳುವಾಗ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸ್ಕೋಮ್ಮ," ಅಂದರು ಅತ್ತೆ.